ಮಲೆಯಾಳಂ ಚೀಟಿಯೂ ನನ್ನ ಮಣಿಕಟ್ಟೂ

ಕೈ ಮುರಿದದ್ದು ನನಗೆ, ಸುಖ ಬಂದದ್ದು ನನ್ನ ಹೆಂಡತಿಗೆ. ಇದು ಯಾವ ಊರಿನ ನ್ಯಾಯ ಸ್ವಾಮಿ?

ನಾನು ಶ್ರೀಕಂಠ. ಮೈಸೂರಿನಿಂದ ವರ್ಗವಾಗಿ ಬಂದು, ಮಲೆಯಾಳ ನಾಡಿನ ಶ್ರೀಕಾರ್ಯಂನ ಬೆಳೆ ಸಂಶೋಧನಾಲಯದಲ್ಲಿ ಚಿತ್ರಕಾರನಾಗಿದ್ದೇನೆ. ಮರಗೆಣಸಿನ ಎಲೆಯನ್ನು ನರನರವೂ ಕಾಣುವಂತೆ ಬರೆಯುವ ಬಲಗೈ ನನ್ನದು. ಎಪ್ಪತ್ತೆರಡರ ಮಳೆಗಾಲದಲ್ಲಿ ಬಸ್ಸಿನ ಮೆಟ್ಟಿಲಿನಿಂದ ಜಾರಿ ಅದೇ ಕೈಯ ಮಣಿಕಟ್ಟು ಮುರಿಯಿತು. ಪ್ಲಾಸ್ಟರ್ ಬಿಚ್ಚಿದ ಮೇಲೂ ಬೆರಳು ಕುಂಚ ಹಿಡಿಯಲೊಲ್ಲದು. "ತಿಂಗಳೊಳಗೆ ಸರಿಹೋಗದಿದ್ದರೆ ನಿಮ್ಮ ಕೆಲಸ ಕಿರಿಯ ಚಿತ್ರಕಾರ ಮೋಹನನಿಗೆ" ಎಂದರು ಸಾಹೇಬರು. ಹದಿನೈದು ವರ್ಷ ಕುಂಚ ಹಿಡಿದವನು ಆಸ್ಪತ್ರೆಗೆ ಓಡಿದೆ.

ಆಸ್ಪತ್ರೆಯಲ್ಲಿ ವ್ಯಾಯಾಮ ಮಾಡಿಸುವ ನಿರ್ಮಲ ಸಿಸ್ಟರ್, ಮನೆಗೆಲಸಕ್ಕಿಂತ ಒಳ್ಳೆಯ ಮದ್ದಿಲ್ಲವೆಂದು ಅಪ್ಪಣೆ ಕೊಡಿಸಿ, ಮಲೆಯಾಳಂನಲ್ಲಿ ಚೀಟಿ ಬರೆದು ನನ್ನ ಹೆಂಡತಿ ಇಂದುಮತಿಯ ಕೈಗಿತ್ತರು. (ರೋಗಿ ನಾನಲ್ಲವೇ?) ನನಗೆ ಆ ಲಿಪಿ ಬಾರದು, ಆಫೀಸಿನಲ್ಲಿ ಎಲ್ಲವೂ ಇಂಗ್ಲಿಷು. ಇಂದುಮತಿಯೋ ಪಕ್ಕದ ಮನೆಯವರ ವಾರಪತ್ರಿಕೆ ಓದೀ ಓದೀ ಪಂಡಿತೆಯಾಗಿದ್ದಳು.

"ರೀ, ಚೀಟೀಲಿದೆ, ಕಾಯಿ ತುರೀಬೇಕಂತೆ."

"ರೀ, ಒದ್ದೆ ಬಟ್ಟೆ ಹಿಂಡ್ಬೇಕಂತೆ."

"ಚಪಾತಿ ಹಿಟ್ಟೂ ಚೀಟೀಲಿದೆಯೇನೇ?"

"ಹೂಂ. ಚೆನ್ನಾಗಿ ನಾದಿಸಿ ಅಂತ ಕೆಳಗೆ ಗೀಟು ಬೇರೆ ಎಳೆದಿದಾರೆ."

"ಭಾನುವಾರ ನಿನ್ನ ಅಣ್ಣ ಬರ್ತಾನೆ, ಮೂವತ್ತು ಚಪಾತಿ ಬೇಕು ಅಂತಾನೂ ಬರೆದಿದಾರಾ?"

"ಅದು ಬರೆದಿಲ್ಲ. ಆದ್ರೂ ಕೈಗೆ ಒಳ್ಳೇದು."

ಇನ್ನು ಸಹಿಸಲಾರೆ ಎನಿಸಿತು. ಅರ್ಧಕ್ಕರ್ಧ ಇವಳದೇ ಸೃಷ್ಟಿ ಎಂದು ನಿಶ್ಚಯಿಸಿ, ಸಾಸಿವೆ ಡಬ್ಬಿಯಿಂದ ಚೀಟಿ ಕದ್ದು, ಆಫೀಸಿನಲ್ಲಿ ಚಹಾದ ಹೊತ್ತಿಗೆ ಟೈಪಿಸ್ಟ್ ದಾಕ್ಷಾಯಣಿಯವರಿಗೆ ಕೊಟ್ಟೆ. "ಗಟ್ಟಿಯಾಗಿ ಓದಿ ಅರ್ಥ ಹೇಳಿ, ಗಂಡಸರ ಮೇಲಿನ ದಬ್ಬಾಳಿಕೆ ಲೋಕಕ್ಕೆ ತಿಳಿಯಲಿ" ಎಂದು ಗುಡುಗಿದೆ. ಲೋಕವೆಂದರೆ ಹನ್ನೆರಡು ಜನ, ಜೊತೆಗೆ ಲೋಟ ಹಿಡಿದು ನಿಂತ ಸಾಹೇಬರು.

ಕಾಯಿ, ಬಟ್ಟೆ, ಹಿಟ್ಟು, ಗೀಟು ಎಲ್ಲವೂ ಇದ್ದವು! ನಾನು ಕೈ ಚಾಚಿದರೆ ಆಕೆ ಚೀಟಿ ಬಿಡಲಿಲ್ಲ.

"ಇನ್ನೂ ಇದೆ ಸಾರ್. ಪಾತ್ರೆ ಉಜ್ಜುವುದು. ಅಂಗಳ ಗುಡಿಸುವುದು. ಮಗಳ ಜಡೆ ಹೆಣೆಯುವುದು. ಆಮೇಲೆ, 'ಸಾರ್‌ಗೆ ಕೋಪ ಜಾಸ್ತಿ, ಚೇಚಿ (ಅಕ್ಕ, ಅಂದ್ರೆ ನಿಮ್ಮ ಮನೆಯವರು) ಒಂದೊಂದಾಗಿ ಹೇಳಬೇಕು. ಆರನ್ನೂ ಮಾಡಿದರೇ ಬೆರಳು ಬಗ್ಗುವುದು' ಅಂತಿದೆ. ನೀವು ಮೂರೇ ಮಾಡ್ತಿದೀರಾ ಸಾರ್?"

ಸಾಹೇಬರು ಲೋಟ ಕೆಳಗಿಟ್ಟು, ಆರೂ ಮುಗಿಯುವ ತನಕ ಎಲೆಗಳೆಲ್ಲ ಮೋಹನನ ಬಳಿ ಇರಲಿ ಎಂದರು.

ಮನೆಗೆ ಬಂದು ಹಾರಾಡಿದೆ. "ಉಳಿದ ಮೂರು ಯಾಕೆ ಬಚ್ಚಿಟ್ಟೆ? ನನ್ನ ಕೆಲಸ ಹೋಗ್ಲಿ ಅಂತಲಾ?"

"ಅಂಗಳ ಗುಡಿಸೋದು ಬೀದಿಗೆಲ್ಲಾ ಕಾಣತ್ತೆ. ನಿಮ್ಮ ಮರ್ಯಾದೆ ಹೋಗ್ಬಾರ್ದು, ಇನ್ನೆರಡು ದಿನ ಕಳೀಲಿ ಅಂತ ತಡೆದೆ. ನೀವೇ ಆಫೀಸ್ನಲ್ಲಿ ಡಂಗುರ ಹೊಡೆಸ್ಕೊಂಡು ಬಂದ್ರಿ."

ನಾಚಿಕೆಯಾಯಿತು, ಅದಕ್ಕೆ ಇನ್ನಷ್ಟು ಸಿಟ್ಟೂ ಬಂತು.

ಮರುದಿನ ಬೆಳಿಗ್ಗೆ, ಬೀದಿಯಲ್ಲಿ ಯಾರೂ ಇಲ್ಲದ್ದನ್ನು ನೋಡಿಕೊಂಡು, ನೋಯದಿರಲೆಂದು ಎಡಗೈಯಲ್ಲಿ ಪೊರಕೆ ಹಿಡಿದು ಅಂಗಳಕ್ಕಿಳಿದೆ. ಆಫೀಸಿನ ಬಸ್ಸು ಸರಿಯಾಗಿ ನಮ್ಮ ಗೇಟಿನ ಮುಂದೆ ಬಂದು ನಿಂತಿತು. ಸಾಹೇಬರು ಕಿಟಕಿಯಿಂದ ತಲೆ ಹೊರಹಾಕಿ, ಬೀದಿ ಬೀದಿಯೇ ಬಾಗಿಲಿಗೆ ಬರುವಂತೆ ಕೂಗಿದರು.

"ರೈಟ್ ಹ್ಯಾಂಡ್, ಮಿಸ್ಟರ್ ಶ್ರೀಕಂಠ! ರೈಟ್ ಹ್ಯಾಂಡ್!"

ನಾನು ಪೊರಕೆಯನ್ನು ಬಲಗೈಗೆ ಬದಲಾಯಿಸಿದೆ. ಆಮೇಲೆಯೇ ಬಸ್ಸು ಹೊರಟದ್ದು.