ಹೊಸ್ತಿಲಾಚೆಯ ಬೂಟು

ನನ್ನ ಕೆಲಸ ಎಂಥದು ಅಂತ ಕೇಳಿದವರೆಲ್ಲ ಮೊದಲು "ಅಯ್ಯೋ ಪಾಪ" ಅಂತಿದ್ದರು. ಪೋಲಿಯೊ ಬಂದು ಕಾಲು ಸೋತ ಮಕ್ಕಳನ್ನು ಹಳ್ಳಿಹಳ್ಳಿಯಲ್ಲಿ ಹುಡುಕೋದು, ಕಾಲಿಗೆ ಆಸರೆಯಾಗಿ ಕ್ಯಾಲಿಪರ್ ಹಾಕಿಸೋದು, ನಡೆಸೋದು, ಶಾಲೆಗೆ ಸೇರಿಸೋದು. ಅಂಥ ಕೆಲಸದಲ್ಲಿ ದಿನಾ ಕಣ್ಣೀರೇ ಇರಬೇಕು ಅಂತ ಅವರ ಊಹೆ. ಕಣ್ಣೀರು ಇರಲಿಲ್ಲ ಅಂತಲ್ಲ. ಆದರೆ ಸಂಜೆ ಮನೆಗೆ ಬಂದು ನಾನು ಹೇಳುತ್ತಿದ್ದ ಸಂಗತಿಗಳೇ ಬೇರೆ. ಅವು ನಾನು ಬೇಡವೆಂದರೂ ಆಗುತ್ತಲೇ ಇದ್ದವು.

ಎಪ್ಪತ್ತರ ದಶಕದ ಕೊನೆ, ಎಂಬತ್ತರ ಶುರು. ಕೋಲಾರದಲ್ಲಿ ನಮ್ಮದೊಂದು ಸಣ್ಣ ಸಂಸ್ಥೆ. ಮುಂದೆ ಆಫೀಸು, ಹಿಂದೆ ವರ್ಕ್‌ಶಾಪು, ಬಾಗಿಲಲ್ಲಿ ತಳ್ಳಿದರೆ ಮಾತ್ರ ಸ್ಟಾರ್ಟ್ ಆಗುವ ಜೀಪು. ದುಡ್ಡು ಹೊರದೇಶದ ಒಂದು ಸಂಘದ್ದು, ಮಕ್ಕಳು ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕಡೆಯವು, ಮಧ್ಯೆ ಬೈಸಿಕೊಳ್ಳೋದಕ್ಕೆ ನಾನು ಮತ್ತು ಡ್ರೈವರು. ಡ್ರೈವರು ಮುಳಬಾಗಿಲಿನವನು. ಖುಷಿಯಾದರೆ ಕನ್ನಡ ಮಾತಾಡುತ್ತಿದ್ದ, ಗಾಬರಿಯಾದರೆ ತೆಲುಗು. ನನಗೆ ಎರಡರಲ್ಲೂ ಸಿಟ್ಟು ಬರುತ್ತಿತ್ತು.

ಚಪ್ಪಲಿ ಸಾಲು

ತಾಯಲೂರಿನ ಹತ್ತಿರದ ಒಂದು ಹಳ್ಳಿಯ ಹುಡುಗಿ. ಎಂಟು ವರ್ಷ ಇದ್ದೀತು. ಬಲಗಾಲು ಪೂರ್ತಿ ಸೋತಿತ್ತು. ಅಪ್ಪ ಅಮ್ಮನಿಗೆ ಬೆಳಗಾದರೆ ಹಿಪ್ಪುನೇರಳೆ ತೋಟ, ಸಂಜೆಯಾದರೆ ರೇಷ್ಮೆ ಹುಳ. ಮಗುವನ್ನು ಸಾಕಿದ್ದು ಅಜ್ಜಿ. ಆ ಕಡೆಯವರು ಅಜ್ಜಿಯನ್ನು ಅವ್ವ ಅಂತಾರೆ. ಅವ್ವ ಅವಳನ್ನು ಸೊಂಟದ ಮೇಲೆ ಹೊತ್ತು ಹೊತ್ತು, ಈಗ ಹುಡುಗಿ ಬೆಳೆದಿದ್ದಳು, ಅವ್ವನ ಸೊಂಟ ಬಿದ್ದುಹೋಗಿತ್ತು. ಹುಡುಗಿಗೆ ಶಾಲೆಗೆ ಹೋಗುವ ಹುಚ್ಚು. "ನಡೆದುಕೊಂಡು ಬರಲಿ, ಸೇರಿಸಿಕೊಳ್ತೀನಿ" ಅಂದಿದ್ದರು ಮೇಷ್ಟರು. ಅವಳ ಪಾಲಿಗೆ ಎಲ್ಲ ನಿಂತಿದ್ದು ಆ ಒಂದು ಮಾತಿನ ಮೇಲೆ.

ಕ್ಯಾಲಿಪರ್ ಅಂದರೆ ಕಾಲಿನ ಎರಡೂ ಪಕ್ಕ ಕಬ್ಬಿಣದ ಸಲಾಕಿ, ತೊಡೆಗೂ ಮೊಣಕಾಲಿಗೂ ಚರ್ಮದ ಪಟ್ಟಿ, ಕೆಳಗೆ ಆ ಸಲಾಕಿಗೇ ಸೇರಿಸಿದ ಬೂಟು. ಬೂಟು ಬಿಚ್ಚಿದರೆ ಎಲ್ಲ ಬಿಚ್ಚಿದ ಹಾಗೆ. ಕೋಲಾರದಲ್ಲಿ ಕೆಲವು ದಿನ ಇಟ್ಟುಕೊಂಡು ನಡೆಯೋದು ಕಲಿಸಿದೆವು. ವರ್ಕ್‌ಶಾಪಿನ ಈ ಗೋಡೆಯಿಂದ ಆ ಗೋಡೆಗೆ ಒಬ್ಬಳೇ ನಡೆದಳು. ನಾನು ಅತ್ತೆ. ಡ್ರೈವರು ತೆಲುಗಿನಲ್ಲಿ ಅತ್ತ.

ಮುಂದಿನ ತಿಂಗಳು, ಹುಡುಗಿ ಹೇಗೆ ನಡೀತಿದ್ದಾಳೆ ನೋಡೋಣ ಅಂತ ಆ ಊರಿಗೆ ಹೋದರೆ, ಸೂರಿನ ಕೆಳಗೆ ಚಪ್ಪಲಿಗಳ ಸಾಲು. ಅಪ್ಪನದು, ಅಮ್ಮನದು, ಅವರ ಪಕ್ಕದಲ್ಲಿ ನೆಟ್ಟಗೆ ನಿಲ್ಲಿಸಿದ ನಮ್ಮ ಕ್ಯಾಲಿಪರ್. ಹುಡುಗಿ ಒಳಗೆ ನೆಲದ ಮೇಲೆ ತೆವಳುತ್ತಾ ಇದ್ದಾಳೆ.

ನನಗೆ ರೇಗಿತು. "ಏನವ್ವಾ ಇದು? ಇದನ್ನ ಹೊರಗೆ ಯಾಕೆ ಬಿಡಿಸಿದ್ದೀರಿ?"

ಅವ್ವ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಬೂಟು ಹಾಕ್ಕೊಂಡು ಮನೆಯೊಳಗೆ ಬರ್ತಾರೇನಮ್ಮ? ಒಳಗೆ ದೇವ್ರು ಐತೆ, ಹುಳ ಐತೆ. ಓದಿರೋಳು ನೀನು, ನಿಂಗೆ ನಾನು ಹೇಳ್ಕೊಡ್ಬೇಕಾ?"

"ಅದು ಬೂಟಲ್ಲ ಅವ್ವಾ, ಔಷಧಿ ಇದ್ದ ಹಾಗೆ!"

"ಔಷಧಿ ಆದ್ರೆ ಕುಡ್ಸು" ಅಂದಳು ಅವ್ವ, ಒಳಗೆ ಹೋಗಿ ಮೊರ ಹಿಡಿದು ಕೂತಳು.

ಉಣ್ಣೆ ಕಾಲುಚೀಲ

ಹೊರದೇಶದ ಸಂಘದವರು ಒಳ್ಳೆಯವರು. ನಮ್ಮ ಬಿಸಿಲು ಮಾತ್ರ ಅವರ ತಲೆಗೆ ಹತ್ತಿರಲಿಲ್ಲ. ಒಂದು ಸಲ ದೊಡ್ಡ ಪೆಟ್ಟಿಗೆ ಬಂತು. ಒಳಗೆ ಉಣ್ಣೆಯ ಕಾಲುಚೀಲ, ಒಂದೊಂದೂ ಹೆಬ್ಬೆರಳಿಂದ ತೊಡೆಯವರೆಗೆ. ಕ್ಯಾಲಿಪರಿನ ಕಬ್ಬಿಣ ಒತ್ತಬಾರದು ಅಂತ ಅಲ್ಲಿನ ಅಜ್ಜಿಯರು ಕೂತು ಹೆಣೆದದ್ದಂತೆ. ಅದೂ ಬೇಸಿಗೆಯಲ್ಲಿ. ಹಂಚದೆ ಇರೋಕಾಗುತ್ತಾ? ಹಂಚಿದೆವು.

ಸ್ವಲ್ಪ ದಿನ ಬಿಟ್ಟು ಶ್ರೀನಿವಾಸಪುರದ ಕಡೆ ಒಂದು ಮಾವಿನ ತೋಟದ ಮನೆಗೆ ಹೋದೆವು. ಅಲ್ಲಿನ ಹುಡುಗನಿಗೆ ನಮ್ಮದೇ ಕ್ಯಾಲಿಪರ್, ಚೆನ್ನಾಗಿ ನಡೆಯುತ್ತಿದ್ದ. ಕಾಲುಚೀಲ ಮಾತ್ರ ಕಾಣಲಿಲ್ಲ. "ಎಲ್ಲಪ್ಪಾ?" ಅಂದೆ. ಹುಡುಗ ಮೇಲೆ ಕೈ ತೋರಿಸಿದ.

ಉದ್ದನೆಯ ಬಿದಿರಿನ ಗಳು, ತುದಿಗೆ ತಂತಿಯ ಬಳೆ, ಬಳೆಗೆ ಹೊಲಿದ ಉಣ್ಣೆ ಕಾಲುಚೀಲ. ಹುಡುಗನ ಅಪ್ಪ ಅದರಲ್ಲಿ ಬಾದಾಮಿ ಮಾವಿನಕಾಯಿ ಒಂದೊಂದಾಗಿ ಇಳಿಸುತ್ತಿದ್ದ.

"ಏನ್ರೀ ಇದು!" ಅಂದೆ.

ಅವನ ಮುಖ ಅರಳಿತು. "ಒಂದು ಕಾಯಿಗೂ ಏಟು ಬಿದ್ದಿಲ್ಲ ಮೇಡಂ! ನಮ್ಮ ಹಗ್ಗದ ಬಲೆ ಎಲ್ಲಿ, ಇದೆಲ್ಲಿ. ಪಕ್ಕದ ತೋಟದೋರೂ ಕೇಳ್ತಾವ್ರೆ. ಅವರ ಮನೇಲಿ ಎಲ್ಲಾ ಮಕ್ಕಳ ಕಾಲೂ ಚೆನ್ನಾಗೈತೆ, ಆದ್ರೂ ಒಂದೆರಡು ಕೊಡೋಕಾಗುತ್ತಾ?"

ಮೃದಂಗ

ತಾಯಲೂರಿನ ಕಡೆಯ ಆ ಹುಡುಗಿಯ ವಿಷಯಕ್ಕೆ ಬರೋಣ. ಮನೆಯೊಳಗೆ ಹಾಕದಿದ್ದರೆ ಹೋಗಲಿ, ಶಾಲೆಗಾದರೂ ಹಾಕಿಕೊಂಡು ಹೋಗಲಿ ಅಂತ ನಾನು ಅವ್ವನ ಜೊತೆ ರಾಜಿಗೆ ಬಂದೆ. ಆದರೆ ಶಾಲೆಗೆ ಸ್ವಂತ ಕಟ್ಟಡ ಇರಲಿಲ್ಲ. ಭಜನೆ ಮಂದಿರದಲ್ಲೇ ಪಾಠ. ಒಂದು ತುದಿಯಲ್ಲಿ ರಾಮರ ಪಟ, ಇನ್ನೊಂದು ತುದಿಯಲ್ಲಿ ಕರಿಹಲಗೆ. ಮೇಷ್ಟರು ಮೆತ್ತಗೆ, "ನನ್ನದೇನೂ ಅಭ್ಯಂತರ ಇಲ್ಲಮ್ಮ, ಊರ ಯಜಮಾನರನ್ನ ಒಂದು ಮಾತು ಕೇಳಿ" ಅಂತ ಜಾರಿಕೊಂಡರು.

ಯಜಮಾನರು ಮಂದಿರದ ಮುಂದಿನ ಕಟ್ಟೆಯ ಮೇಲೆ ಕೂತಿದ್ದರು. ಕೆಟ್ಟ ಮನುಷ್ಯರಲ್ಲ. ಹುಡುಗಿಯನ್ನು ಕಂಡರೆ ಪ್ರೀತಿ. "ಓದ್ಲಿ, ಬೇಡ ಅಂತೀನಾ? ಆದ್ರೆ ಚರ್ಮದ ಬೂಟು ಮಂದಿರದೊಳಗೆ ಆಗಾಕಿಲ್ಲ" ಅಂದರು.

ನಾನು ಒಳಗೆ ಇಣುಕಿದೆ. ಗೋಡೆಗೆ ಮೃದಂಗ ನೇತುಹಾಕಿತ್ತು. ಸಿಕ್ಕಿತಲ್ಲ ಅಂತ ಹಿಗ್ಗಿ ಕೇಳಿದೆ, "ಯಜಮಾನರೇ, ಆ ಮೃದಂಗಕ್ಕೆ ಹೊದಿಸಿರೋದು ಏನು? ಬಾಳೆ ಎಲೆನಾ?"

ಕಟ್ಟೆಯ ಮೇಲಿದ್ದ ಉಳಿದವರೆಲ್ಲ ಮೃದಂಗದ ಕಡೆ ಕತ್ತು ತಿರುಗಿಸಿದರು. ಡ್ರೈವರು ನನ್ನ ಹಿಂದೆ "ಭಲೇ ಮೇಡಂ" ಅಂತ ಗೊಣಗಿದ. ಯಜಮಾನರು ಮಾತ್ರ ಎಲೆ ಅಡಿಕೆ ಒಂದು ದವಡೆಯಿಂದ ಇನ್ನೊಂದಕ್ಕೆ ದಾಟಿಸಿ, ಸಾವಧಾನವಾಗಿ, "ಚರ್ಮಾನೇ ಕಣಮ್ಮ" ಅಂದರು. "ಆದ್ರೆ ಅದು ಬೀದೀಲಿ ನಡ್ಕೊಂಡು ಬರಾಕಿಲ್ಲ. ನಾವೇ ಎತ್ಕೊಂಡು ಬರ್ತೀವಿ."

"ಹಾಗಾದರೆ ಹುಡುಗಿಯನ್ನೂ ಎತ್ತಿಕೊಂಡೇ ಬರಬೇಕಾ?"

"ಅದನ್ನೇ ಅಲ್ವಾ ಅವರವ್ವ ಇಷ್ಟು ವರ್ಷ ಮಾಡಿದ್ದು? ನೀವು ಬಂದು ನಿಲ್ಲಿಸಿದ್ರಿ."

ತಿರುಗಿ ಬಂದು ಜೀಪು ತಳ್ಳಿದೆವು.

ಆಯುಧ ಪೂಜೆ

ವಾಪಸು ಬರುವಾಗ ಡ್ರೈವರಿಗೆ ಒಂದು ಯೋಚನೆ ಬಂತು. ಅವನಿಗೆ ಯೋಚನೆ ಬಂದಾಗಲೆಲ್ಲ ನನಗೆ ಕೇಡು. "ಮೇಡಂ, ಆಯುಧ ಪೂಜೆ ಹತ್ರ ಬಂತು. ಜೀಪಿಗೆ ಮಾಡ್ತೀವಿ, ವರ್ಕ್‌ಶಾಪಿನ ಸುತ್ತಿಗೆಗೆ ಮಾಡ್ತೀವಿ. ಆ ಮಗು ಬೂಟಿಗೂ ಅರಿಶಿನ ಕುಂಕುಮ ಇಟ್ಟು ಮಂಗಳಾರತಿ ಮಾಡಿಬಿಡೋಣ. ಪೂಜೆ ಆದ್ಮೇಲೆ ಅದು ಚಪ್ಪಲಿ ಜಾತಿ ಅಲ್ಲ, ಆಯುಧ. ಯಾರು ಹೊರಗೆ ಬಿಡಿಸ್ತಾರೆ ನೋಡ್ತೀನಿ."

ಕೇಳೋದಕ್ಕೆ ಚೆನ್ನಾಗೇ ಇತ್ತು. ಹಬ್ಬದ ದಿನ ಅವ್ವನ ಕಣ್ಣೆದುರೇ, ಅವರ ಅಂಗಳದಲ್ಲೇ ಪೂಜೆ. ಡ್ರೈವರು ಕ್ಯಾಲಿಪರನ್ನು ತೊಳೆದು ಒರೆಸಿ, ಸಲಾಕಿಗೆ ಸೇವಂತಿಗೆ ಹಾರ ಹಾಕಿದ. ಬೂಟಿನ ಮೂತಿಗೆ ಕುಂಕುಮ ಇಟ್ಟು ಕುಂಬಳಕಾಯಿ ಒಡೆದ. ಅವ್ವ ಕೈ ಮುಗಿದಳು. ಕಣ್ಣಿಗೂ ಒತ್ತಿಕೊಂಡಳು. ಡ್ರೈವರು ನನ್ನ ಕಡೆ ನೋಡಿ ಹುಬ್ಬು ಹಾರಿಸಿದ.

ಮುಂದಿನ ಸಲ ಹೋದಾಗ ಸೂರಿನ ಕೆಳಗೆ ಕ್ಯಾಲಿಪರ್ ಇಲ್ಲ. ಗೆದ್ದೆವು ಅಂದುಕೊಂಡು ಒಳಗೆ ಕಾಲಿಟ್ಟರೆ, ಹುಡುಗಿ ಇನ್ನೂ ತೆವಳುತ್ತಿದ್ದಾಳೆ. ಕ್ಯಾಲಿಪರ್ ದೇವರ ಗೂಡಿನಲ್ಲಿ, ಪಟಗಳ ಪಕ್ಕದಲ್ಲಿ ನಿಂತಿದೆ. ಮುಂದೆ ಊದಿನಕಡ್ಡಿ ಬೇರೆ ಉರಿಯುತ್ತಿದೆ.

"ಕಾಲಿಗೆ ಹಾಕ್ರವ್ವಾ ಅದನ್ನ!" ಅಂತ ಕಿರುಚಿದೆ.

ಅವ್ವ ಕೆನ್ನೆ ಕೆನ್ನೆ ಬಡಿದುಕೊಂಡಳು. "ಬಿಡ್ತು ಅನ್ನು! ಪೂಜೆ ಮಾಡಿರೋದನ್ನ ಕಾಲಿಗೆ ಹಾಕ್ತಾರಾ?"

ಡ್ರೈವರು ಆ ಹೊತ್ತಿಗಾಗಲೇ ಜೀಪಿನಲ್ಲಿ ಕೂತಿದ್ದ. ಅವತ್ತು ಇಡೀ ದಾರಿ ಬರೀ ತೆಲುಗು.

ಕಾಲಿಗೆ ನೀರು

ಅಷ್ಟರಲ್ಲಿ ಹೊರದೇಶದ ಸಂಘದಿಂದ ಒಬ್ಬ ಹೆಂಗಸು ಕೆಲಸ ನೋಡೋಕೆ ಬಂದರು. ಉದ್ದನೆಯ ಲಂಗ, ಕೈಯಲ್ಲಿ ಊರುಗೋಲು, ನಡಿಗೆ ಸ್ವಲ್ಪ ನಿಧಾನ. ವಯಸ್ಸಾಗಿದೆ, ಪ್ರಯಾಣದ ಆಯಾಸ ಅಂದುಕೊಂಡೆ. ಮಾವಿನ ತೋಟದಲ್ಲಿ ಗಳುವಿನ ತುದಿಯ ಕಾಲುಚೀಲ ನೋಡಿ ನಾನು ಮುಖ ಮುಚ್ಚಿಕೊಂಡರೆ, ಆಕೆ ಬಿದ್ದು ಬಿದ್ದು ನಕ್ಕರು. ಆಮೇಲೆ, "ನಡೆಯೋದು ಕಷ್ಟವಾಗಿರೋ ಒಂದು ಮಗುವನ್ನ ತೋರಿಸಿ" ಅಂದರು. ತಾಯಲೂರಿನ ಕಡೆ ಜೀಪು ತಿರುಗಿತು. ಆ ದೇವರ ಗೂಡನ್ನು ಇಂಗ್ಲಿಷಿನಲ್ಲಿ ಹೇಗೆ ವಿವರಿಸೋದು?

ಹೊಸ್ತಿಲ ಹತ್ತಿರ ಎಲ್ಲರೂ ಚಪ್ಪಲಿ ಬಿಟ್ಟೆವು. ಆಕೆ ಬಿಡಲಿಲ್ಲ. ಅವ್ವ ಬಾಗಿಲಿಗೆ ಅಡ್ಡ ನಿಂತಳು. "ಯಾವ ದೇಶದೋರಾದ್ರೂ ಸರಿ, ಬೂಟು ಹೊರಗೆ ಬಿಡಕ್ಕೇಳು."

ನಾನು ನಾಚಿಕೊಂಡು ಇಂಗ್ಲಿಷಿನಲ್ಲಿ ಹೇಳಿದೆ. ಆಕೆ ಲಂಗವನ್ನು ಮೊಣಕಾಲಿನವರೆಗೆ ಎತ್ತಿದರು. ಅದೇ ಕಬ್ಬಿಣದ ಸಲಾಕಿ, ಅದೇ ಚರ್ಮದ ಪಟ್ಟಿ, ಕೆಳಗೆ ಅದಕ್ಕೇ ಸೇರಿಸಿದ ಬೂಟು. ನನಗೂ ಅವತ್ತೇ ಗೊತ್ತಾಗಿದ್ದು. "ನನಗೂ ಚಿಕ್ಕವಳಿದ್ದಾಗ ಬಂದ ಕಾಯಿಲೆ. ಇದನ್ನು ಬಿಚ್ಚಿದರೆ ನಾನೂ ತೆವಳಬೇಕಾಗುತ್ತೆ" ಅಂದರು. ನಾನು ಅದನ್ನು ಅವ್ವನಿಗೆ ಕನ್ನಡದಲ್ಲಿ ಹೇಳಿದೆ.

ಅವ್ವ ಅಲ್ಲೇ ಕುಕ್ಕರಗಾಲಲ್ಲಿ ಕೂತಳು. ಸಲಾಕಿಯನ್ನು ಬೆರಳಿನಿಂದ ತಟ್ಟಿ ನೋಡಿದಳು. "ನಿಮ್ಮ ದೇಶದಾಗೂ ಈ ಕಾಯಿಲೆ ಐತಾ?"

"ಇತ್ತು. ನಡೆಯೋಕಾಗದ ಮಕ್ಕಳು ಈಗಲೂ ಇದ್ದಾರೆ. ನಮ್ಮ ಸಂಘ ಅವರನ್ನೂ ನೋಡಿಕೊಳ್ಳುತ್ತೆ."

ಅವ್ವ ಎದ್ದು ಒಳಗೆ ಹೋದಳು. ಬಾಗಿಲು ಹಾಕಿಕೊಳ್ಳುತ್ತಾಳೇನೋ ಅಂತ ಹೆದರಿದೆ. ತಾಮ್ರದ ಚೊಂಬಿನ ತುಂಬ ನೀರು ತಂದು, ಆಕೆಯ ಬೂಟುಗಳ ಮೇಲೆ ಸುರಿದೇಬಿಟ್ಟಳು.

"ಅವ್ವಾ! ಚರ್ಮ ನೆನೆಯುತ್ತೆ, ಕಬ್ಬಿಣ ತುಕ್ಕು ಹಿಡಿಯುತ್ತೆ!"

"ನೀನು ಸುಮ್ನಿರು. ಮನೆಗೆ ಬಂದೋರಿಗೆ ಕಾಲಿಗೆ ನೀರು ಕೊಡದೆ ಒಳಗೆ ಕರೀತಾರಾ? ಇದೇ ಆಯಮ್ಮನ ಕಾಲು. ತೊಳೆದಾಯ್ತು. ಬರಕ್ಕೇಳು."

ಆಕೆ ಪಚಕ್ ಪಚಕ್ ಅಂತ ಸದ್ದು ಮಾಡುತ್ತ ಒಳಗೆ ಬಂದರು. ನೆಲದ ಮೇಲೆ ಕೂತಿದ್ದ ಹುಡುಗಿ ಆಕೆಯ ಕಾಲನ್ನು ನೋಡಿದಳು, ದೇವರ ಗೂಡನ್ನು ನೋಡಿದಳು. "ಅವ್ವಾ, ನಂದೂ ಇಳಿಸು" ಅಂದಳು.

ಅವ್ವ ದೇವರಿಗೆ ಕೈ ಮುಗಿದು, ಒಣಗಿದ ಸೇವಂತಿಗೆ ಹಾರ ತೆಗೆದು ಕ್ಯಾಲಿಪರನ್ನು ಇಳಿಸಿದಳು. ಪಟ್ಟಿ ಕಟ್ಟಿದ್ದು ನಾನು. ಹುಡುಗಿ ಗೋಡೆ ಹಿಡಿದು ಎದ್ದಳು. ಗೋಡೆ ಬಿಟ್ಟಳು. ಹೊಸ್ತಿಲು ದಾಟಿದಳು, ಅಂಗಳ ದಾಟಿದಳು, ನಿಲ್ಲಲೇ ಇಲ್ಲ. "ಎಲ್ಲಿಗೇ?" ಅಂತ ಅವ್ವ ಕೂಗಿದರೆ, "ಇಸ್ಕೂಲಿಗೆ ಕಣವ್ವಾ!" ಅಂದಳು. ಹಿಂದೆ ಚೊಂಬು ಹಿಡಿದ ಅವ್ವ, ಅವಳ ಹಿಂದೆ ಊರುಗೋಲಿನ ಆಕೆ, ಕೊನೆಗೆ ಬರಿಗಾಲಲ್ಲಿ ನಾನು ಮತ್ತು ಡ್ರೈವರು.

ಮಂದಿರದ ಕಟ್ಟೆಯ ಮೇಲೆ ಯಜಮಾನರು ಬಾಯಿ ತೆರೆಯುವಷ್ಟರಲ್ಲಿ ಅವ್ವ ಹುಡುಗಿಯ ಬೂಟಿನ ಮೇಲೆ ಉಳಿದ ನೀರು ಸುರಿದಳು. "ಕಾಲು ತೊಳ್ದಿದೀನಿ. ಇನ್ನೇನು ನಿಂದು?"

ನಾನೂ ಬಿಡಲಿಲ್ಲ. "ನೋಡಿ ಯಜಮಾನರೇ, ನಿಮ್ಮ ಮೃದಂಗ ನಡ್ಕೊಂಡೇ ಬಂತು."

ಯಜಮಾನರು ಹುಡುಗಿಯನ್ನೇ ನೋಡುತ್ತಿದ್ದರು. ಅವರ ಕಣ್ಣು ತುಂಬಿತ್ತು. ಎಲೆ ಅಡಿಕೆ ಉಗುಳಿ, "ಬಂತಲ್ಲ, ಇನ್ನೇನು ಮಾಡಾಕಾಯ್ತದೆ" ಅಂದರು. "ಒರೆಸ್ಕೊಂಡು ಹೋಗಕ್ಕೇಳಿ, ಒಳಗೆ ಕೆಸರಾಯ್ತದೆ."

ಹೊರಡುವಾಗ ಅವ್ವ ಜೀಪಿನ ಹತ್ತಿರ ಬಂದು ಆಕೆಯ ಮಡಿಲಲ್ಲಿ ಒಂದು ಗಂಟು ಇಟ್ಟಳು. ಬೀಸಿದ ರಾಗಿ ಹಿಟ್ಟು. "ನಿಮ್ಮೂರ ಮಕ್ಕಳಿಗೆ. ಕಾಲಿಗೆ ಬಲ ಬರ್ತದೆ. ಮುದ್ದೆ ಮಾಡೋವಾಗ ಗಂಟು ಕಟ್ಟದಂಗೆ ತಿರುವಬೇಕು ಅಂತ ಹೇಳಮ್ಮ. ಪಾಪ, ಆ ಮಕ್ಕಳಿಗೆ ಅಲ್ಲಿ ಯಾರವ್ರೆ?"

ಆಕೆ ಎರಡೂ ಕೈಯಲ್ಲಿ ತೆಗೆದುಕೊಂಡರು. ಆ ಹಿಟ್ಟು ಸಮುದ್ರ ದಾಟಿ ಹೋಯಿತು. ಅಲ್ಲಿನ ಮಕ್ಕಳು ಹಾಲು ಸಕ್ಕರೆ ಹಾಕಿಕೊಂಡು ಕುಡಿದರು ಅಂತ ಸುದ್ದಿಯೂ ಬಂತು. ಅವ್ವನಿಗೆ ಹೇಳಿದರೆ, "ಸಕ್ಕರೇನಾ? ಅಯ್ಯೋ, ಹೇಳ್ಕೊಡೋ ದೊಡ್ಡೋರು ಇಲ್ಲ ಅನ್ಸುತ್ತೆ" ಅಂತ ನೊಂದುಕೊಂಡಳು.

ವರ್ಷ ತುಂಬುವಷ್ಟರಲ್ಲಿ ಅವ್ವ ಮೊಮ್ಮಗಳ ಕೈ ಹಿಡಿದು ಕೋಲಾರದ ವರ್ಕ್‌ಶಾಪಿಗೆ ಬಂದಳು. ಹುಡುಗಿ ಬಸ್ ಸ್ಟ್ಯಾಂಡಿನಿಂದ ನಡೆದೇ ಬಂದಿದ್ದಳು. ಬೂಟಿನ ಅಟ್ಟೆ ಪೂರ್ತಿ ಸವೆದಿತ್ತು. ದಿನಾ ಎರಡೆರಡು ಹೊಸ್ತಿಲಲ್ಲಿ ನೀರು ಕುಡಿದು ಚರ್ಮ ಹಪ್ಪಳವಾಗಿತ್ತು, ಸಲಾಕಿ ಕೆಂಪಗೆ ತುಕ್ಕು. ಹೊಸದೇ ಬೇಕು.

"ಸ್ವಲ್ಪ ದಿನ ಕಾಯಬೇಕು ಅವ್ವಾ. ಹೊರದೇಶದ ಸಂಘದವರನ್ನ ಕೇಳಬೇಕು" ಅಂದೆ.

ಅವ್ವನಿಗೆ ಎಲ್ಲಿತ್ತೋ ಸಿಟ್ಟು. "ಕೇಳೋದೇನೈತೆ ಇದ್ರಾಗೆ? ಅವರ ಮಕ್ಕಳಿಗೆ ನಾವು ಹಿಟ್ಟು ಕಳಿಸ್ದಾಗ ಯಾರನ್ನಾದ್ರೂ ಕೇಳಿದ್ವಾ?"