ಕಡ್ಲಿಕೊಪ್ಪದ ವಾಡಿಕೆ ಮಳೆಯ ಮಹಾಸಮರ

ಎಲೈ ಮೇಘವಾಹನನಾದ ದೇವೇಂದ್ರನೇ, ನೀನು ಸುರಿಸಿದ ಹನಿಗೂ ಸುರಿಸದ ಹನಿಗೂ ಲೆಕ್ಕವಿಟ್ಟ ಧೀರರೊಬ್ಬರ ಕಥೆಗೆ ಕಿವಿಗೊಡು! ಮೃಗಶಿರೆಯು ಮುಖ ತೋರದೆ ಜಾರಿ, ಆರಿದ್ರೆಯು ಬರಿಗಾಳಿ ಬೀಸುತ್ತಿದ್ದ ಆ ಧೂಳೀಧೂಸರ ಕಾಲದಲ್ಲಿ, ಗದಗ ಸೀಮೆಯ ಕಡ್ಲಿಕೊಪ್ಪದಲ್ಲಿ, ತ್ರಿಂಶದ್ವರ್ಷವೃಷ್ಟಿಗಣನಾಧುರಂಧರರೂ ನಿವೃತ್ತ ಭೂಗೋಳ ಶಿಕ್ಷಕರೂ ಆದ ಫಕೀರಪ್ಪ ಮಾಸ್ತರರು ವಿರಾಜಿಸುತ್ತಿದ್ದರು. ದಿನವೂ ಬೆಳಗ್ಗೆ ಎಂಟೂವರೆಗೆ ಮಾಳಿಗೆಯ ಮೇಲಿನ ಮಳೆಮಾಪಕವನ್ನು ಓದಿ, ತಿಂಗಳ ಕೊನೆಗೆ ಆ ಮೊತ್ತವನ್ನು ಮೂವತ್ತು ವರ್ಷದ ಸರಾಸರಿಯ ಪಕ್ಕದಲ್ಲಿ ವಾಚನಾಲಯದ ಕರಿಹಲಗೆಯ ಮೇಲೆ ಬರೆಯುವುದು ಅವರ ಅಖಂಡ ವ್ರತ. ಅದನ್ನು ನೋಡಿಯೇ ಊರು ಬಿತ್ತನೆಗೆ ಕೈಹಾಕುತ್ತಿತ್ತು.

ಜೂನ್ ಮೂವತ್ತರಂದು ಹಲಗೆ ಸಾರಿತು: ವಾಡಿಕೆ ಮಳೆ ೮೪ ಮಿ.ಮೀ. ಈ ಸಲ ೧೦೨.

ಗೋಧೂಮಚೂರ್ಣಧವಳಿತಭ್ರೂಯುಗಳನಾದ ಹಿಟ್ಟಿನ ಗಿರಣಿಯ ದುಂಡಪ್ಪನು ಅದನ್ನೋದಿ ಸಿಂಹನಾದಗೈದನು.

"ಮಾಸ್ತರ, ಎಲ್ಲಿ ಬಿತ್ತ್ರೀ ಈ ಮಳಿ? ನನ್ನ ಗಿರಣಿ ಮುಂದ ಧೂಳ ಹಾರಿ ಜ್ವಾಳದ ಹಿಟ್ಟಿಗೂ ಮಣ್ಣಿಗೂ ಫರಕ ತಿಳೀವಲ್ದು!"

"ದುಂಡಪ್ಪಾ! ಮೂವತ್ತು ವರ್ಷದಾಗ ನಾ ಒಂದ ಹನಿ ಹೆಚ್ಚ ಬರದಿಲ್ಲ, ಒಂದ ಹನಿ ಕಡಿಮಿ ಬರದಿಲ್ಲ. ಸಾಕ್ಷಾತ್ ಇಂದ್ರ ಬಂದು ಬ್ಯಾರೆ ಹೇಳಿದ್ರೂ ನಾ ಮಾಪಕದ ಮಾತ ನಂಬಾಂವ!"

"ಹಂಗಾದ್ರ ನಾಳೆ ಮುಂಜಾನೆ ನಿಮ್ಮ ಮಾಳಿಗಿ ಮ್ಯಾಲ ನಾನೂ ಬರತೀನ್ರಿ. ನೋಡೇ ಬಿಡೂಣು!"

ಮನೆಗೆ ನಡೆಯುವಾಗ ಮಾಸ್ತರರ ವಜ್ರಹೃದಯದಲ್ಲೂ ಒಂದು ಅಳುಕು ಮೂಡಿತು. ಆ ತಿಂಗಳು ಅವರು ಕೊಡೆ ಬಿಚ್ಚಿದ್ದು ನಾಲ್ಕೇ ಸಲ. ಆದರೆ ಕೊಡೆಯನ್ನು ನಂಬಿ ಮಾಪಕವನ್ನು ಶಂಕಿಸುವುದೇ?

ಮರುದಿನ ಸೂರ್ಯೋದಯಕ್ಕೆ ವೀರರಿಬ್ಬರೂ ಮೇರುವನ್ನೇರುವಂತೆ ಮಾಳಿಗೆಯನ್ನೇರಿ, ಮಾಪಕವನ್ನು ಬರಿದುಮಾಡಿ, ಅದರ ಎರಡೂ ಬದಿಗೆ ಪದ್ಮಾಸನಸ್ಥರಾದರು. ಆಕಾಶದಲ್ಲಿ ಹತ್ತಿಯೆಳೆಯಷ್ಟೂ ಮೋಡವಿರಲಿಲ್ಲ. ಅಷ್ಟರಲ್ಲಿ ಮಾಸ್ತರರ ಹೆಂಡತಿ ನೀಲವ್ವ ಬಕೀಟು ಹಿಡಿದು ಬಂದಳು. ಪರಪುರುಷನನ್ನು ಕಂಡು ಸೆರಗು ಸರಿಪಡಿಸಿಕೊಂಡು, ಹಸಿ ಇಳಕಲ್ಲ ಸೀರೆಯನ್ನು ಹಗ್ಗದ ಮೇಲೆ ಹರವಿ ಇಳಿದುಹೋದಳು. ಸೀರೆಯ ಅಂಚಿನಿಂದ ನೇರ ಮಾಪಕದ ಬಾಯಿಗೆ ತಟ್, ತಟ್, ತಟ್.

ಎಂಟೂವರೆಗೆ ಮಾಸ್ತರರು ಅಳೆದರು. ಮೂರು ಮಿಲಿಮೀಟರ್.

"ನೀಲಾ," ಎಂದು ಕೆಳಕ್ಕೆ ಕೂಗಿದರು, "ಈ ಹಗ್ಗ ಇಲ್ಲಿ ಯಾವಾಗ ಕಟ್ಟಿದಿ?"

"ತಿಂಗಳಾತ್ರೀ! ಹಳೇದು ಹರದಿತ್ತು. ಕಟ್ಟಿಕೊಡ್ರೀ ಅಂತ ಎಷ್ಟ ಸಲ ಹೇಳಿದೆ, ನಿಮಗ ಮಳಿ ಅಳಿಯೂದೇ ಆತು. ನಾನ ಕಟ್ಕೊಂಡೆ!"

ದುಂಡಪ್ಪ ನಗಲಿಲ್ಲ. ಅವನು ನಕ್ಕಿದ್ದರೆ ಮಾಸ್ತರರಿಗೆ ಅಷ್ಟು ನೋಯುತ್ತಿರಲಿಲ್ಲ. ಅವರು ವಾಚನಾಲಯಕ್ಕೆ ನಡೆದರು. ಕೊಡೆ ಬಿಚ್ಚದ ಇಪ್ಪತ್ತಾರು ದಿನಗಳಿಗೆ ದಿನಕ್ಕೆ ಮೂರರಂತೆ ಸೀರೆಯ ಪಾಲು ಎಪ್ಪತ್ತೆಂಟನ್ನು ಕಳೆದು, ೧೦೨ನ್ನು ಅಳಿಸಿ, ೨೪ ಎಂದು ಬರೆದರು. ಕೆಳಗೆ, "ತಪ್ಪು ನನ್ನದು. ಇನ್ನೂ ಬಿತ್ತಬೇಡಿ."

"ಬರ್ರಿ ಮಾಸ್ತರ," ಎಂದ ಹಿಂದೆಯೇ ಬಂದಿದ್ದ ದುಂಡಪ್ಪ ಮೆಲ್ಲಗೆ, "ಹಗ್ಗ ಮಾಪಕ ಬಿಟ್ಟು ಆ ಕಡೆ ಕಟ್ಟೂಣು."

ಮತ್ತೆ ಮಾಳಿಗೆಯನ್ನೇರಿ ಕಟ್ಟಿದ ಗಂಟು ಬಿಗಿಯುವ ಮೊದಲೇ ನೀಲವ್ವ ನೀರು ಸೋರುವ ಕೌದಿಯೊಂದನ್ನು ಹೊತ್ತು ಬಂದಳು. "ಇಬ್ಬರೂ ಖಾಲಿ ನಿಂತೀರಲ್ಲ, ಒಂದೊಂದ ತುದಿ ಹಿಡಿದು ಹಿಂಡ್ರಿ."

ಹೀಗೆ ಆ ಮಹಾರಥಿಗಳಿಬ್ಬರೂ ಕೌದಿ ಹಿಂಡಿದರು.

"ಇನ್ನೊಂಚೂರು ತಿರುವ್ರಿ, ಮಾಸ್ತರ."