ಮೂಲೆ ಟೇಬಲ್ ಖಾಲಿ ಮಾಡಿದ ಹಾಡು

ಕಮಲಾಕ್ಷನ ಗ್ರಹಚಾರ ಬಂದದ್ದು ಬೆರಳುದ್ದದ ಒಂದು ಪೆನ್‌ಡ್ರೈವಿನ ರೂಪದಲ್ಲಿ. ಠಾಕುರ್ಲಿ ಸ್ಟೇಷನ್ ಎದುರಿನ ಹೋಟೆಲಿಗೆ ಅವನು ಮ್ಯಾನೇಜರ್. ಮಾಲೀಕ ಲೋಕನಾಥ ಶೆಟ್ಟರು ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೇ ಬಂದು ಅದನ್ನು ತೀರ್ಥ ಕೊಟ್ಟಂತೆ ಅವನ ಅಂಗೈಯಲ್ಲಿಟ್ಟರು.

"ನನ್ನ ಮಗಳು ಅನುಷ್ಕಾಳ ಹಾಡು ಮಾರಾಯ. ರ‍್ಯಾಪ್ ಅಂತೆ. ಅರ್ಧ ಇವಳದ್ದು ತುಳು, ಇನ್ನರ್ಧ ಅವಳ ಕಾಲೇಜಿನ ಯಾರೋ ಹುಡುಗನದ್ದು ಕನ್ನಡ. ಇವತ್ತಿಡೀ ಇದೇ ಹಾಕು. ಗಿರಾಕಿಗಳು ಏನು ಹೇಳ್ತಾರೆ, ಸಂಜೆ ನಂಗೆ ಹೇಳು."

"ಶೆಟ್ರೇ, ನನ್ನ ರಜೆ..."

"ಹಾಡು ಜನಕ್ಕೆ ಹಿಡಿಸ್ಲಿ. ರಜೆ ಆಮೇಲೆ ನೋಡುವ."

ರಜೆ ಸಣ್ಣ ವಿಷಯವಾಗಿರಲಿಲ್ಲ. ವರ್ಷಗಟ್ಟಲೆ ಗಲ್ಲಾದ ಹಿಂದೆ ಕೂತು ಕಮಲಾಕ್ಷ ಪಡುಬಿದ್ರಿಯಲ್ಲಿ ಮನೆ ಕಟ್ಟಿಸಿದ್ದ. ಮುಂದಿನ ವಾರ ಅದರ ಗೃಹಪ್ರವೇಶ. ಊರಲ್ಲಿದ್ದ ಹೆಂಡತಿ ಜಲಜಾಕ್ಷಿ ಎಲ್ಲರನ್ನೂ ಕರೆದು ಮುಗಿಸಿದ್ದಳು. ಯಜಮಾನ ಬರುತ್ತಾನೋ ಇಲ್ಲವೋ ಎಂಬುದೊಂದೇ ಬಾಕಿ.

ಹಾಡು ಶುರುವಾಯಿತು. ತಗಡಿನ ಮಾಡಿನ ಮೇಲೆ ತೆಂಗಿನಕಾಯಿ ಉರುಳಿದಂಥ ಸದ್ದಿನ ನಡುವೆ ಇಬ್ಬರು ಉಸಿರು ಬಿಡದೆ ವಾದಿಸುತ್ತಿದ್ದರು. ಕಮಲಾಕ್ಷನಿಗೆ ಅದು ಎಳ್ಳಷ್ಟೂ ಹಿಡಿಸಲಿಲ್ಲ. ಆದರೆ ಅವನನ್ನು ಕೇಳಿದವರು ಯಾರು?

ಮೂಲೆ ಟೇಬಲಿನಲ್ಲಿ ಚನ್ನಪ್ಪನವರಿದ್ದರು. ರೈಲ್ವೆಯಿಂದ ನಿವೃತ್ತರಾದ, ಧಾರವಾಡ ಕಡೆಯವರು. ಕನ್ನಡ ಸಂಘದಲ್ಲಿ ಯಾವ ಪುಸ್ತಕ ಬಿಡುಗಡೆಯಾದರೂ ಅದರಲ್ಲಿ ತಪ್ಪು ಹುಡುಕಿಕೊಡುವ ಹೊಣೆ ಅವರದೇ. ಒಂದು ಕಾಫಿ, ಇಬ್ಬರು ಗೆಳೆಯರು, ಒಂದು ಪೇಪರು ಇದ್ದರೆ ಮಧ್ಯಾಹ್ನದವರೆಗೆ ಆ ಟೇಬಲು ಬೇರೆಯವರಿಗೆ ಸಿಗುವಂತಿಲ್ಲ.

"ಹಾಡು ಹೇಗುಂಟು ಸರ್?"

"ಹಾಡೇನ್ರಿ ಇದು! ಇಬ್ಬರು ಜಗಳಾಡಾಕತ್ತಾರ, ಯಾರರ ಬಿಡಸ್ರಿ. ಹುಡುಗಿದು ಹೆಂಗರ ಇರ್ಲಿ, ಆ ಹುಡುಗನ ಗಂಟಲದಾಗ ಏನ್ ಸಿಕ್ಕೊಂಡೈತಿ?"

ಸರಿಯಾಗಿ ಕೇಳಿಸಿಲ್ಲವೇನೋ ಎಂದು ಕಮಲಾಕ್ಷ ಸದ್ದು ಏರಿಸಿದ. ಚನ್ನಪ್ಪ ಗೆಳೆಯರನ್ನು ಕರೆದುಕೊಂಡು ಎದ್ದೇಬಿಟ್ಟರು. "ಸಂಜಿಗೆ ಬರ್ತೀನಿ. ಶೆಟ್ಟರಿಗೆ ನಾನ ಹೇಳ್ತೀನಿ" ಎಂದರು. ಕಮಲಾಕ್ಷನ ಕಣ್ಣ ಮುಂದೆ ಪಡುಬಿದ್ರಿಯ ಮನೆ ದೂರ ಸರಿಯಿತು.

ಅಷ್ಟರಲ್ಲಿ ಅಡುಗೆಯ ಜಯಶೀಲ ಕಿವಿಗೆ ಹತ್ತಿ ತುರುಕಿಕೊಂಡು ಹೊರಬಂದ. "ಸಾಂಬಾರಿಗೆ ಉಪ್ಪು ಹಾಕಿದ್ನಾ ಇಲ್ವಾ ನೆನಪಾಗುದಿಲ್ಲ ಮಾರಾಯ, ಬಂದ್ ಮಾಡು!"

"ನನ್ನ ರಜೆಯ ಪ್ರಶ್ನೆ. ನೀನು ಒಳಗೆ ಹೋಗು."

ಆಫೀಸಿಗೆ ಹೊರಟಿದ್ದ ಮಾನಸಿ ಎಂಬ ಹುಡುಗಿ "ಕಾಕಾ, ಆವಾಜ್ ಕಮೀ ಕರಾ ನಾ!" ಎಂದು ಸದ್ದು ಇಳಿಸಲು ಮರಾಠಿಯಲ್ಲಿ ಕೂಗಿ, ಇಡ್ಲಿಯನ್ನು ನುಂಗಿ ಓಡಿದಳು. ಕಮಲಾಕ್ಷ ಒಂದು ಉಪಾಯ ಮಾಡಿದ. ಲೋಕಲ್ ರೈಲು ಬಂದು ಜನ ಒಳಬರುವಾಗ ಸದ್ದು ಇಳಿಸುವುದು, ತಿಂಡಿ ಬಾಯಿಗಿಟ್ಟ ಮೇಲೆ ಏರಿಸುವುದು. ಬಾಯಿ ತುಂಬಿದವರು ಬೈಯಲಾರರು ಎಂಬುದು ಅವನ ಲೆಕ್ಕ. ಅವರು ಬೈಯಲಿಲ್ಲ. ಹಾಡಿನ ತಾಳಕ್ಕೆ ಸರಿಯಾಗಿ ಗಬಗಬನೆ ಅಗಿದು, ಕೈತೊಳೆದು ಹೋದರು. ಎದ್ದವರ ಜಾಗಕ್ಕೆ ಮುಂದಿನ ಲೋಕಲ್‌ನವರು ಬಂದು ಕೂತರು.

ದಿನವಿಡೀ ಒಳ್ಳೆಯ ಮಾತು ಸಿಕ್ಕಿದ್ದು ಒಂದೇ. "ಬೀಟ್ ಮಸ್ತ್ ಹೈ ಅಂಕಲ್, ಪರ್ ಸಮಝಾ ಕುಛ್ ನಹೀ" ಎಂದ ಹಿತೇಶ್ ಎಂಬ ಕಾಲೇಜು ಹುಡುಗ. ಏನೂ ಅರ್ಥವಾಗಲಿಲ್ಲ ಎಂಬುದನ್ನು ಬಿಟ್ಟು, ತಾಳ ಚೆನ್ನಾಗಿದೆ ಎಂಬ ಮೊದಲರ್ಧವನ್ನಷ್ಟೇ ಕಮಲಾಕ್ಷ ಬಾಯಿಪಾಠ ಮಾಡಿಟ್ಟುಕೊಂಡ.

ಸಂಜೆ ಶೆಟ್ಟರೂ ಚನ್ನಪ್ಪನವರೂ ಒಟ್ಟಿಗೇ ಬಂದರು.

"ಶೆಟ್ರ, ಇಂಥಾ ಹಾಡು ನನ್ನ ಜನ್ಮದಾಗ ಕೇಳಿಲ್ಲ. ಆ ಹುಡುಗನ ಕನ್ನಡಕ್ಕ ಬೆಂಕಿ ಹಚ್ಚ!"

"ಅಯ್ಯೋ, ಅವನು ನಿಮ್ಮ ಮೊಮ್ಮಗ ಕೈಲಾಸ ಅಲ್ವಾ? ಅನುಷ್ಕಾ ಈಗಷ್ಟೇ ಹೇಳಿದ್ಲು."

ಚನ್ನಪ್ಪ ಕುರ್ಚಿ ಹುಡುಕಿ ಕೂತರು. "ನಮ್ಮ ಕೈಲಾಸ? ಮನ್ಯಾಗ ಹಿಂದಿ ಬಿಟ್ಟು ಒಂದ್ ಮಾತು ಆಡಂಗಿಲ್ಲಲ್ರಿ ಅಂವ! ನಾ ಕನ್ನಡದಾಗ ಕೇಳಿದ್ರ ಹಿಂದ್ಯಾಗ ಹೇಳ್ತಾನ." ಅವರ ಕಣ್ಣು ನಿಜವಾಗಿಯೂ ತುಂಬಿತ್ತು. "ಇನ್ನೊಮ್ಮೆ ಹಚ್ಚ್ರಿ." ಕಣ್ಣು ಮುಚ್ಚಿ ಪೂರ್ತಿ ಕೇಳಿ, "ಹುಡುಗನ ದನಿಯೊಳಗ ಕಸುವೈತಿ. ಹುಡುಗಿದ ಸ್ವಲ್ಪ ಸಪ್ಪಗಾತು" ಎಂದು ತೀರ್ಪು ಕೊಟ್ಟರು.

ಶೆಟ್ಟರು ಆ ಸಪ್ಪೆಯನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಅವರ ಕಣ್ಣು ಬೋರಲು ಹಾಕಿದ್ದ ದೋಸೆ ಹಿಟ್ಟಿನ ಪಾತ್ರೆಯ ಮೇಲಿತ್ತು.

"ರಾತ್ರಿಗೆ ಬೇಕಾದ ಹಿಟ್ಟು ಈಗಲೇ ಮುಗೀತಾ?"

ಜಯಶೀಲ ನಡೆದದ್ದನ್ನೆಲ್ಲ ಹೇಳಿದ: ಕಮಲಾಕ್ಷ ಸದ್ದು ಇಳಿಸಿದ್ದು, ಏರಿಸಿದ್ದು, ಟೇಬಲು ಖಾಲಿಯಾದದ್ದು, ತುಂಬಿದ್ದು. ಶೆಟ್ಟರು ಕಮಲಾಕ್ಷನನ್ನು ಬಾಚಿ ತಬ್ಬಿಕೊಂಡರು. ವಿಮರ್ಶಕರೂ ಮೆಚ್ಚಿದರು, ವ್ಯಾಪಾರವೂ ಆಯಿತು. ಇನ್ನೇನು ಬೇಕು?

"ಶೆಟ್ರೇ, ಹಾಗಾದ್ರೆ ರಜೆ..."

"ಕೊಟ್ಟೆ ಮಾರಾಯ! ಜಯಶೀಲ, ನಾಳೆಯೇ ಹೊರಡು."

"ಜಯಶೀಲನಾ?"

"ಮತ್ತೆ? ಇವತ್ತು ಸಾಂಬಾರಿಗೆ ಉಪ್ಪೇ ಇರ್ಲಿಲ್ವಂತೆ, ಒಬ್ಬನಾದ್ರೂ ಬಾಯಿ ಬಿಟ್ನಾ? ಇನ್ನು ಅಡುಗೆ ಯಾರು ಮಾಡಿದ್ರೂ ನಡೀತದೆ. ಸದ್ದು ಯಾವಾಗ ಏರಿಸ್ಬೇಕು ಅಂತ ನಿಂಗಲ್ಲದೆ ಯಾರಿಗೆ ಗೊತ್ತುಂಟು? ನಿನ್ನ ಬದ್ಲು ಅವ ಹೋಗ್ಲಿ. ಗೃಹಪ್ರವೇಶದ ಅಡುಗೆಯೂ ಆಗ್ತದೆ."

ಕಮಲಾಕ್ಷ ಊರಿಗೆ ಫೋನು ಹಚ್ಚಿದ. ಜಲಜಾಕ್ಷಿ ಪೂರ್ತಿ ಕೇಳಿಸಿಕೊಂಡಳು. ಆಮೇಲೆ, "ಇರ್ಲಿ, ನಿಮ್ಮ ಫೋಟೋ ಹಿಡ್ಕೊಂಡು ಒಳಗೆ ಹೋಗ್ತೇನೆ" ಎಂದಳು.

"ಹಿಡ್ಕೋ" ಎಂದ ಕಮಲಾಕ್ಷ, ಹಾಡಿನ ಸದ್ದು ಇಳಿಸುತ್ತಾ. "ಹಾರ ಮಾತ್ರ ಹಾಕ್ಬೇಡ."